ಹೊಳೆದಂಡೆಯ ಹಳೇ ಊರಲ್ಲಿ ಮತ್ತೆ ಮನೆ ಕಟ್ಟಬಹುದಾ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆ ರೋಣ ತಾಲ್ಲೂಕು. ಮಲಪ್ರಭಾ ಹೊಳೆಗೆ ಬೆಣ್ಣೆಹಳ್ಳ ಕೂಡುವ ಜಾಗದಿಂದ ಸ್ವಲ್ಪ ಕೆಳಗೆ ನಮ್ಮ ಊರಿದೆ. 2009ರ ನೆರೆಯಲ್ಲಿ ಮಣ್ಣಿನ ಮನೆ ಬಿತ್ತು. ಸ್ಥಳಾಂತರಕ್ಕೆ ಅಂತ ಕಟ್ಟಿದ ಹೊಸ ಊರು, ನವಗ್ರಾಮದಲ್ಲಿ ಮನೆ ಸಿಕ್ಕಿತು. ಆದರೆ ಅದು ಚಿಕ್ಕದು, ದನ ಕಟ್ಟಲು ಜಾಗವಿಲ್ಲ, ಹೊಲಕ್ಕೂ ದೂರ. ಹಾಗಾಗಿ ಹಳೇ ಊರಲ್ಲೇ ತಗಡು ಹಾಕಿಕೊಂಡು ಇದ್ದೇವೆ. 2019ರಲ್ಲಿ ಅಲ್ಲಿ ಎದೆಮಟ್ಟ ನೀರು ನಿಂತಿತ್ತು. ಈಗ ನನ್ನ ತಮ್ಮ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟಬೇಕು ಅಂತಿದ್ದಾನೆ. "ಅಂಥಾ ಹೊಳಿ ನೂರು ವರ್ಷಕ್ಕೊಮ್ಮೆ ಬರೂದು, ಬಂದು ಹೋತು" ಅಂತಾರೆ ಊರ ಹಿರಿಯರು. ಆಲಮಟ್ಟಿ ಅಣೆಕಟ್ಟು ಎತ್ತರ ಮಾಡಿದರೆ ನಮಗೂ ಮುಳುಗಡೆ ಅಂತ ಕೆಲವರು ಹೆದರಿಸುತ್ತಾರೆ. ಏನು ಮಾಡೋಣ, ಸರ್?

ಉತ್ತರ: ಆ ಜಾಗದಲ್ಲಿ ವಾಸದ ಮನೆ ಕಟ್ಟಬೇಡಿ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ತಮ್ಮನವರು ಬಹುಶಃ ಈಗಾಗಲೇ ಗೌಂಡಿಯ ಹತ್ತಿರ ಮಾತಾಡಿರುತ್ತಾರೆ. ಯಾಕೆ ಬೇಡ, ಬದಲಿಗೆ ಏನು ಮಾಡಬಹುದು ಅನ್ನೋದನ್ನು ಕೊಂಚ ಉದ್ದವಾಗಿಯೇ ಬರೆಯುತ್ತೇನೆ. ಮನೆ ಅಂದರೆ ಒಂದು ತಲೆಮಾರಿನ ದುಡ್ಡು. ಗಡಿಬಿಡಿಯ ಉತ್ತರ ಕೊಟ್ಟು ಕಳಿಸುವ ವಿಷಯ ಅದಲ್ಲ.

ಆಲಮಟ್ಟಿಯ ಭಯವನ್ನು ಮೊದಲು ಬಿಡಿಸಿಬಿಡೋಣ. ಆಲಮಟ್ಟಿ ಇರುವುದು ಕೃಷ್ಣಾ ನದಿಗೆ. ನಿಮ್ಮ ಮಲಪ್ರಭೆ ಕೃಷ್ಣೆಯನ್ನು ಸೇರುವುದು ಕೂಡಲಸಂಗಮದಲ್ಲಿ, ಅಂದರೆ ಆಲಮಟ್ಟಿಯನ್ನು ದಾಟಿ ಕೆಳಗೆ ಬಂದ ಮೇಲೆ. ಅಣೆಕಟ್ಟನ್ನು ಈಗಿನ 519.6 ಮೀಟರ್‌ನಿಂದ 524.256 ಮೀಟರ್‌ಗೆ ಎತ್ತರಿಸಿದರೆ ಹಿನ್ನೀರು ಏರುವುದು ಕೃಷ್ಣೆಯ ಮೇಲ್ಭಾಗದಲ್ಲಿ ಮತ್ತು ಬಾಗಲಕೋಟೆ ಕಡೆ ಘಟಪ್ರಭೆಯ ಪಾತ್ರದಲ್ಲಿ. ಅಲ್ಲಿನವರಿಗೆ ಅದು ನಿಜವಾದ ಚಿಂತೆ. ಕೂಡಲಸಂಗಮದಲ್ಲಿ ನಿಂತಿರುವುದು ನಾರಾಯಣಪುರ ಜಲಾಶಯದ ಹಿನ್ನೀರು, ಅದು ರೋಣ ತಾಲ್ಲೂಕಿನವರೆಗೆ ಬರುವುದಿಲ್ಲ. ನಿಮ್ಮ ಊರಿನ ನೆರೆಗೆ ಕಾರಣ ಆಲಮಟ್ಟಿ ಅಲ್ಲ. ಕೆಳಗಿನಿಂದ ನೀರು ಬರುತ್ತದೆ ಅಂತ ಕಾಯುತ್ತಾ ಕೂತರೆ ಮೇಲಿನಿಂದ ಬರುವ ನೀರು ಕಾಣುವುದೇ ಇಲ್ಲ.

ಮೇಲಿನಿಂದ ನಿಮ್ಮ ಊರಿಗೆ ಬರುವುದು ಎರಡು ಬೇರೆ ಬೇರೆ ನೀರು. ನಿಮ್ಮ ಇಡೀ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

ಮೊದಲನೆಯದು ಘಟ್ಟದ ನೀರು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಜುಲೈ, ಆಗಸ್ಟ್ ಅಂದರೆ ಮಳೆ ಬಿಡುವುದೇ ಇಲ್ಲ. ಆ ನೀರೆಲ್ಲ ಬಂದು ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಅಣೆಕಟ್ಟು ತುಂಬಿದಾಗ ಬಿಟ್ಟ ನೀರು ಮುನವಳ್ಳಿ, ರಾಮದುರ್ಗ, ಕೊಣ್ಣೂರು ದಾಟಿ ನಿಮ್ಮ ಕಡೆ ಬರುತ್ತದೆ. ಇದರ ಅಪಾಯ ಏನೆಂದರೆ, ನಿಮ್ಮ ಊರ ಮೇಲೆ ಮೋಡವೇ ಇರುವುದಿಲ್ಲ. ಹೊಲದಲ್ಲಿ ಹೆಸರು ಒಣಗುತ್ತಿರುತ್ತದೆ, ಹೊಳೆ ಮಾತ್ರ ಏರುತ್ತಿರುತ್ತದೆ. 2019ರ ಆಗಸ್ಟ್‌ನಲ್ಲಿ ಬಂದದ್ದು ಈ ಜಾತಿಯ ನೆರೆ. ಮುನವಳ್ಳಿ, ರಾಮದುರ್ಗದ ಮನೆಗಳಿಗೆ ನೀರು ನುಗ್ಗಿತು, ನರಗುಂದ ತಾಲ್ಲೂಕಿನ ಲಖಮಾಪುರ ನಡುಗಡ್ಡೆಯಾಯಿತು, ಪಟ್ಟದಕಲ್ಲಿನ ದೇವಸ್ಥಾನಗಳ ಆವರಣಕ್ಕೂ ನೀರು ಹೊಕ್ಕಿತು. ಅದೇ ಅಕ್ಟೋಬರ್‌ನಲ್ಲಿ ಹೊಳೆ ಇನ್ನೊಮ್ಮೆ ಉಕ್ಕಿತು.

ಎರಡನೆಯದು ಬಯಲಿನ ನೀರು. ಬೆಣ್ಣೆಹಳ್ಳ ಹುಬ್ಬಳ್ಳಿ, ಕುಂದಗೋಳ, ನವಲಗುಂದ, ನರಗುಂದ ಕಡೆಯ ಎರೆಭೂಮಿಯ ನೀರನ್ನು ಎಳೆದುಕೊಂಡು ಬರುತ್ತದೆ. ಧಾರವಾಡದ ಕಡೆಯ ತುಪ್ಪರಿಹಳ್ಳವೂ ಇದಕ್ಕೇ ಕೂಡುತ್ತದೆ. ಈ ನೀರಿಗೂ ನವಿಲುತೀರ್ಥಕ್ಕೂ ಸಂಬಂಧವೇ ಇಲ್ಲ. ಇದು ಅಣೆಕಟ್ಟಿನ ಕೆಳಗೆ ಬಂದು ಹೊಳೆಗೆ ಕೂಡುತ್ತದೆ, ಇದನ್ನು ತಡೆಯುವ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಎರೆಮಣ್ಣು ಮೊದಲ ಮಳೆಯನ್ನು ಕುಡಿಯುತ್ತದೆ. ಹಸಿಯಾಗಿ ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ಹನಿ ನೀರನ್ನೂ ಒಳಗೆ ಬಿಡುವುದಿಲ್ಲ. ಆಮೇಲೆ ಬಿದ್ದ ಮಳೆಯೆಲ್ಲ ಹಳ್ಳಕ್ಕೇ. ಬಯಲು ಸಪಾಟಾಗಿರುವುದರಿಂದ ನೀರು ಅಗಲಕ್ಕೆ ಹರಡುತ್ತದೆ, ಬೇಗ ಇಳಿಯುವುದೂ ಇಲ್ಲ.

2009ರಲ್ಲಿ ಬಂದದ್ದು ಈ ಎರಡನೆಯ ಜಾತಿ. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ನೆನಪಿದೆಯಾ? ದೇಶದ ಮಟ್ಟದಲ್ಲಿ ಮಳೆ ವಾಡಿಕೆಗಿಂತ ಶೇ 22ರಷ್ಟು ಕಡಿಮೆ. ಬರದ ಮಾತೇ ಎಲ್ಲೆಡೆ ಇತ್ತು. ಸೆಪ್ಟೆಂಬರ್ ಕೊನೆಗೆ ಬಂಗಾಳ ಕೊಲ್ಲಿ ಕಡೆಯಿಂದ ವಾಯುಭಾರ ಕುಸಿತ ಬಂತು. ಅಕ್ಟೋಬರ್ ಮೊದಲ ದಿನಗಳವರೆಗೆ ಗದಗ, ಬಾಗಲಕೋಟೆ, ವಿಜಯಪುರ, ರಾಯಚೂರು ಕಡೆ ಸುರಿದೇ ಸುರಿಯಿತು. ಘಟ್ಟದಲ್ಲಿ ಬೀಳಬೇಕಾದ ಮಳೆ ಬಯಲಿಗೆ ಬಿತ್ತು. ಆ ನೀರೆಲ್ಲ ಕೂಡಿ ಕೆಳಗೆ ಹೋದಾಗ ಕೃಷ್ಣೆಯ ಶ್ರೀಶೈಲ ಅಣೆಕಟ್ಟಿಗೆ 25 ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ಒಳಹರಿವು ಬಂತು (ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್). ಆ ಅಣೆಕಟ್ಟು ಕಟ್ಟಿದ್ದು 19 ಲಕ್ಷ ಕ್ಯೂಸೆಕ್ ಲೆಕ್ಕಕ್ಕೆ. ನಮ್ಮ ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಹೊಳೆಯಲ್ಲಿ ಕೊಚ್ಚಿಹೋದವರಷ್ಟೇ ಅಲ್ಲ, ನೆನೆದ ಮಣ್ಣಿನ ಗೋಡೆ, ಮಾಳಿಗೆ ಕುಸಿದು ಸತ್ತವರೂ ಅದರಲ್ಲಿದ್ದಾರೆ. ಮಣ್ಣಿನ ಗೋಡೆ ಬುಡದಲ್ಲಿ ನೀರು ನಿಂತರೆ ನಿಧಾನಕ್ಕೆ ಕರಗುತ್ತದೆ, ಬೀಳುವಾಗ ಮಾತ್ರ ಒಮ್ಮೆಗೇ ಬೀಳುತ್ತದೆ. ಸತ್ತವರಲ್ಲಿ ಎಷ್ಟೋ ಮಂದಿ ಹೊಳೆಯಿಂದ ದೂರ ಇದ್ದೇವೆ ಅಂತ ಧೈರ್ಯದಿಂದ ಇದ್ದವರು.

ಈಗ ಹಿರಿಯರ "ನೂರು ವರ್ಷಕ್ಕೊಮ್ಮೆ" ಮಾತಿಗೆ ಬರೋಣ. ಹಿರಿಯರ ನೆನಪಿನ ಮೇಲೆ ನನಗೆ ತುಂಬಾ ಗೌರವವಿದೆ. ಯಾವ ಓಣಿಗೆ ಮೊದಲು ನೀರು ಬರುತ್ತದೆ, ಎಲ್ಲಿ ಸೆಳವು ಜೋರು ಅನ್ನೋದು ಯಾವ ನಕ್ಷೆಯಲ್ಲೂ ಸಿಗುವುದಿಲ್ಲ, ಅವರ ಬಾಯಲ್ಲಿ ಸಿಗುತ್ತದೆ. ಆದರೆ ಎಷ್ಟು ವರ್ಷಕ್ಕೊಮ್ಮೆ ಅನ್ನೋ ಲೆಕ್ಕದಲ್ಲಿ ಒಂದು ತೊಡಕಿದೆ. ನೆರೆ ಸರದಿ ಪಾಳಿ ನೋಡಿಕೊಂಡು ಬರುವುದಿಲ್ಲ. ನೂರು ವರ್ಷದ ನೆರೆ ಅಂದರೆ ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ನೂರಕ್ಕೆ ಒಂದು ಅಂತ ಅರ್ಥ, ಅಷ್ಟೇ. ಕಳೆದ ವರ್ಷ ಬಂದಿದ್ದರೂ ಈ ವರ್ಷ ಅದೇ ನೂರಕ್ಕೆ ಒಂದು. ಈ ಲೆಕ್ಕ ಹಿಡಿದರೆ 30 ವರ್ಷ ಬಾಳುವ ಮನೆಗೆ ಅಂಥ ನೆರೆ ಒಮ್ಮೆಯಾದರೂ ತಾಗುವ ಸಾಧ್ಯತೆ ಸುಮಾರು ಶೇ 26. ಅದೇ 25 ವರ್ಷಕ್ಕೊಮ್ಮೆ ಬರುವ ನೆರೆಯಾದರೆ ಶೇ 70 ದಾಟುತ್ತದೆ. ಆರ್‌ಸಿಸಿ ಮನೆಯನ್ನು ಯಾರೂ 30 ವರ್ಷಕ್ಕೆ ಅಂತ ಕಟ್ಟುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೆ ಅಂತ ಕಟ್ಟುತ್ತಾರೆ.

ನಿಮ್ಮ ಜಾಗಕ್ಕೆ 2009ರಲ್ಲಿ ಮನೆ ಬೀಳಿಸುವಷ್ಟು ನೀರು, 2019ರಲ್ಲಿ ಎದೆಮಟ್ಟ ನೀರು ಬಂದಿದೆ. ಹತ್ತು ವರ್ಷದಲ್ಲಿ ಎರಡು ಸಲ. ಅದೂ ಎರಡು ಬೇರೆ ಕಾರಣಕ್ಕೆ, ಎರಡು ಬೇರೆ ದಿಕ್ಕಿನ ನೀರು. ಇದನ್ನು ನೂರು ವರ್ಷದ ಮಾತು ಅಂತ ಒಪ್ಪಲು ನನ್ನಿಂದ ಆಗುವುದಿಲ್ಲ.

ಹಾಗಾದರೆ ಹಿರಿಯರಿಗೆ ಯಾಕೆ ಹಾಗೆ ಅನ್ನಿಸುತ್ತದೆ? ಕಾರಣ ಅಣೆಕಟ್ಟು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮಲಪ್ರಭೆಯ ದಂಡೆಯಲ್ಲಿ ನಾನು ಕಾಣುವ ಅತಿ ದೊಡ್ಡ ಅಪಾಯ ಇದೇ.

ನವಿಲುತೀರ್ಥ ಕೆಲಸ ಶುರು ಮಾಡಿದ್ದು 1970ರ ದಶಕದಲ್ಲಿ. ಅದಕ್ಕೂ ಮೊದಲು ಪ್ರತಿ ಮುಂಗಾರಿಗೆ ಹೊಳೆ ಏರುತ್ತಿತ್ತು, ಇಳಿಯುತ್ತಿತ್ತು. ದಂಡೆಯ ಜನ ಆ ಸಣ್ಣ ನೆರೆಗಳನ್ನು ನೋಡಿ ನೋಡಿ ಎಲ್ಲಿ ಬಿತ್ತಬೇಕು, ಎಲ್ಲಿ ಮನೆ ಬೇಡ ಅನ್ನೋದನ್ನು ಕಲಿತಿದ್ದರು. ಅಣೆಕಟ್ಟು ಬಂದ ಮೇಲೆ ಸಣ್ಣ ನೆರೆಗಳು ನಿಂತವು. ಜಲಾಶಯ ಹಿಡಿಯುವುದು 37.73 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಎಷ್ಟೋ ವರ್ಷ ಅದು ತುಂಬಲೇ ಇಲ್ಲ. ಕಾಲುವೆಗೆ, ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರಿಗೆ ಇದ್ದದ್ದೇ ಸಾಲದಾಯಿತು. ಕೆಳಗೆ ಹೊಳೆ ಒಣಗಿತು. ಒಣಗಿದ ಪಾತ್ರದೊಳಕ್ಕೆ ಹೊಲ ಇಳಿಯಿತು. ಕಬ್ಬು ಬಂತು, ಬಳ್ಳಾರಿ ಜಾಲಿ ಬೆಳೆಯಿತು. ಒಂದು ಕಡೆ ಮರಳು ತೆಗೆದ ಗುಂಡಿ, ಇನ್ನೊಂದು ಕಡೆ ಹೂಳಿನ ದಿಬ್ಬ.

ದೊಡ್ಡ ನೆರೆಯನ್ನು ಮಾತ್ರ ಅಣೆಕಟ್ಟು ನಿಲ್ಲಿಸಲಾರದು. ಲೆಕ್ಕ ಸರಳವಾಗಿದೆ: 1 ಲಕ್ಷ ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ ಆಗುತ್ತದೆ. ಪೂರ್ತಿ ಖಾಲಿ ಇರುವ ನವಿಲುತೀರ್ಥ ಕೂಡ ಆ ಹರಿವಿಗೆ ನಾಲ್ಕೂವರೆ ದಿನದೊಳಗೆ ತುಂಬುತ್ತದೆ. ಅರ್ಧ ತುಂಬಿದ್ದರೆ ಸುಮಾರು ಎರಡೇ ದಿನ ಸಾಕು. ಆಮೇಲೆ ಬಂದಷ್ಟು ನೀರನ್ನು ಬಿಡದೆ ಬೇರೆ ದಾರಿ ಇಲ್ಲ. ಮೊದಲೇ ಖಾಲಿ ಇಟ್ಟುಕೊಳ್ಳಬಾರದೇ ಅಂತ ಕೇಳುವವರಿದ್ದಾರೆ. ಜುಲೈನಲ್ಲಿ ನೀರು ಬಿಟ್ಟು ಆಗಸ್ಟ್‌ನಲ್ಲಿ ಮಳೆ ಬರದಿದ್ದರೆ ಕುಡಿಯಲು ಏನು ಕೊಡುವುದು? ಬರದ ನಾಡಿನ ಅಣೆಕಟ್ಟು ನಡೆಸುವವರು ನೀರು ಉಳಿಸುವ ಕಡೆಗೇ ವಾಲುತ್ತಾರೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಅದರ ಪರಿಣಾಮ ದಂಡೆಯವರ ಮೇಲೆ ಬೀಳುತ್ತದೆ ಅನ್ನೋದನ್ನು ದಂಡೆಯವರು ತಿಳಿದಿರಬೇಕು.

ಹೀಗೆ ಬಿಟ್ಟ ನೀರು ಕಿರಿದಾದ, ಜಾಲಿ ಬೆಳೆದ ಪಾತ್ರಕ್ಕೆ ಬಂದಾಗ ಅಷ್ಟೇ ಕ್ಯೂಸೆಕ್ ಮೊದಲಿಗಿಂತ ಎತ್ತರಕ್ಕೆ ಏರುತ್ತದೆ. ಅಂದರೆ 2019ರ ಗೆರೆಯನ್ನು ಕೊನೆಯ ಗೆರೆ ಅಂತ ತಿಳಿಯಬೇಡಿ. ಪಾತ್ರ ಹೀಗೇ ಕಿರಿದಾಗುತ್ತಾ ಹೋದರೆ ಅದಕ್ಕಿಂತ ಕಡಿಮೆ ನೀರು ಅದಕ್ಕಿಂತ ಮೇಲೆ ನಿಲ್ಲಬಹುದು. ಮೇಲೆ ಹೊಳೆಯಲ್ಲಿ ಅಣೆಕಟ್ಟಿನ ನೀರು ತುಂಬಿ ಹರಿಯುವಾಗಲೇ ಬೆಣ್ಣೆಹಳ್ಳವೂ ಬಂದರೆ ಅಂತ ಯೋಚಿಸಿ ನೋಡಿ. ಎರಡೂ ಪೂರ್ತಿ ಜೋರಿನಲ್ಲಿ ಒಂದೇ ದಿನ ಬರುವುದು ಅಪರೂಪ, ಆದರೆ ಆಗದ ಮಾತಲ್ಲ.

ನಿಮ್ಮ ಜಾಗದ ಮಟ್ಟ ಎಷ್ಟು ಅಂತ ನೀವೇ ಅಳೆಯಬಹುದು. ತಮ್ಮನವರನ್ನು ಒಪ್ಪಿಸಲು ನನ್ನ ಮಾತಿಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ. ಗುಡಿ, ಶಾಲೆ, ಚಾವಡಿಯ ಗೋಡೆಗಳಲ್ಲಿ 2019ರ ರಾಡಿ ಗೆರೆ ಎಲ್ಲಿತ್ತು ಅಂತ ನಾಲ್ಕಾರು ಜನರನ್ನು ಬೇರೆ ಬೇರೆಯಾಗಿ ಕೇಳಿ. ಹೇಳಿದ ಮಟ್ಟ ಒಂದಕ್ಕೊಂದು ಕೂಡಿದರೆ ಅಲ್ಲಿ ಬಣ್ಣದ ಗೆರೆ ಎಳೆಯಿರಿ. ಗೌಂಡಿಗಳು ಬಳಸುವ ನೀರಿನ ಪೈಪಿನಿಂದ ಆ ಮಟ್ಟವನ್ನು ನಿಮ್ಮ ಜಾಗಕ್ಕೆ ತನ್ನಿ. ದೂರವಿದ್ದರೆ ಡಂಪಿ ಲೆವೆಲ್ (ಮಟ್ಟ ಅಳೆಯುವ ದುರ್ಬೀನು) ಇರುವ ಸರ್ವೆಯವರನ್ನು ಒಂದು ದಿನಕ್ಕೆ ಕರೆಸಿ. 2009ರ ಗೆರೆಯನ್ನೂ ಹೀಗೇ ಹುಡುಕಿ, ಎರಡರಲ್ಲಿ ಮೇಲಿನದನ್ನು ಹಿಡಿಯಿರಿ.

ಇನ್ನೊಂದು ಗುರುತು ಹೇಳುತ್ತೇನೆ. ಊರಲ್ಲಿ ಹಳೇ ಹಗೇವುಗಳು ಎಲ್ಲಿದ್ದವು ಅಂತ ಕೇಳಿ. ಜೋಳ ತುಂಬಿಡುವ ಆ ನೆಲಗುಂಡಿಗೆ ನೀರು ತಾಗಿದರೆ ವರ್ಷದ ಕಾಳು ಹೋಯಿತು. ಅದಕ್ಕೇ ಹಿಂದಿನವರು ಊರಿನ ಒಣ, ಎತ್ತರದ ಜಾಗ ನೋಡಿ ತೋಡುತ್ತಿದ್ದರು. ಹಗೇವು ಇದ್ದ ಓಣಿ ಮತ್ತು ಇರದ ಓಣಿಯನ್ನು ಹೋಲಿಸಿದರೆ, ಅಣೆಕಟ್ಟಿಗೂ ಮೊದಲಿನವರು ಹೊಳೆಯನ್ನು ಎಲ್ಲಿಯವರೆಗೆ ನಿರೀಕ್ಷಿಸುತ್ತಿದ್ದರು ಅಂತ ಅಂದಾಜು ಸಿಗುತ್ತದೆ. ಬಾವಿ ತೋಡಿದವರನ್ನೂ ಕೇಳಿ. ಮೇಲಿನ ಎರೆಮಣ್ಣಿನಲ್ಲಿ ನಡುನಡುವೆ ನುಣ್ಣನೆಯ ರೇವೆ, ಮರಳಿನ ಪದರ ಸಿಕ್ಕಿದ್ದರೆ ಅಲ್ಲಿಗೆ ಹಿಂದೆ ಹೊಳೆ ಬಂದು ಹೋಗಿದೆ.

ಮಟ್ಟ ಸಿಕ್ಕ ಮೇಲೆ ಏನು? ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2008ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಆಸ್ಪತ್ರೆಯಂಥ ಕಟ್ಟಡ 100 ವರ್ಷದ ನೆರೆಯ ಮಟ್ಟಕ್ಕಿಂತ ಮೇಲಿರಬೇಕು, ವಾಸದ ಮನೆ 25 ವರ್ಷದ ನೆರೆಯ ಮಟ್ಟಕ್ಕಿಂತ ಮೇಲಿರಬೇಕು. ಅದರ ಕೆಳಗಿನ ಜಾಗ ಆಟದ ಮೈದಾನಕ್ಕೆ, ತೋಟಕ್ಕೆ. ಹತ್ತು ವರ್ಷದಲ್ಲಿ ಎರಡು ಸಲ ಮುಳುಗಿದ ನಿಮ್ಮ ಜಾಗ ಯಾವ ಸಾಲಿಗೆ ಬರುತ್ತದೆ ಅಂತ ನಾನು ಹೇಳಬೇಕಿಲ್ಲ, ಅಲ್ವಾ? ಆದರೆ ಇದು ಸಲಹೆ ಅಷ್ಟೇ. ನೆರೆಬಯಲಿನಲ್ಲಿ ಕಟ್ಟಡ ತಡೆಯುವ ಮಾದರಿ ಕಾನೂನನ್ನು ಕೇಂದ್ರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಕೆಲವೇ ರಾಜ್ಯಗಳು ಅಂಥ ಕಾನೂನು ಮಾಡಿಕೊಂಡವು, ಅವುಗಳಲ್ಲಿ ಕರ್ನಾಟಕ ಇಲ್ಲ. ಹಾಗಾಗಿ ನಿಮ್ಮ ತಮ್ಮನವರನ್ನು ನೆರೆಯ ಹೆಸರಿನಲ್ಲಿ ಬಂದು ತಡೆಯುವವರು ಯಾರೂ ಸಿಗಲಿಕ್ಕಿಲ್ಲ. ತಡೆಯಬೇಕಾದವರು ನೀವೇ.

ಆರ್‌ಸಿಸಿ ಆದರೆ ಬೀಳುವುದಿಲ್ಲವಲ್ಲ ಅಂತ ಅವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಪಾಯವನ್ನು ಎರೆಮಣ್ಣು ದಾಟಿ ಗಟ್ಟಿ ಗರಸಿನವರೆಗೆ ಇಳಿಸಿ, ಕಾಲಂ ಎಬ್ಬಿಸಿ ಕಟ್ಟಿದರೆ ಮನೆ ನಿಲ್ಲಬಹುದು. ಆದರೆ ಗಟ್ಟಿ ಮನೆ ಇನ್ನೊಂದು ಅಪಾಯ ತರುತ್ತದೆ. ತಗಡಿನ ಮನೆಯವರು ನೀರು ಕಂಡ ಕೂಡಲೇ ಹೊರಡುತ್ತಾರೆ. ಆರ್‌ಸಿಸಿ ಮನೆಯವರು "ಮ್ಯಾಲೆ ಹತ್ತಿ ಕುಂತ್ರ ಆತು" ಅಂತ ಉಳಿಯುತ್ತಾರೆ. ರಾತ್ರಿ ಸುತ್ತ ನೀರು ನಿಂತು, ಕರೆಂಟು ಹೋಗಿ, ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ ಬೋಟು ಬರುವವರೆಗೆ ಮಾಳಿಗೆಯ ಮೇಲೇ ಕಾಯಬೇಕು. ಕಟ್ಟಿದ ದನ ಕೆಳಗೇ ಇರುತ್ತವೆ. ಜೋಳ, ಮೋಟಾರು, ಹಾಸಿಗೆ, ಕಾಗದಪತ್ರ ಹೋಗುವುದು ಹೋಗಿಯೇ ಹೋಗುತ್ತದೆ. ಇನ್ನೊಂದು ಮಾತು: 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಕೊಟ್ಟಿತು. ಸ್ಥಳಾಂತರ ಮಾಡಿ ಬೇರೆ ಮನೆ ಕೊಟ್ಟ ಊರಲ್ಲಿ ಹೊಸದಾಗಿ ಕಟ್ಟಿದ ಮನೆಗೆ ಅಂಥ ಪರಿಹಾರ ಕೇಳಲು ಹೋದರೆ ತಕರಾರು ಏಳುವುದು ಸಹಜ. ಅದನ್ನು ನಂಬಿ ದುಡ್ಡು ಹಾಕಬೇಡಿ.

ಇಷ್ಟೆಲ್ಲ ಹೇಳಿ ನವಗ್ರಾಮಕ್ಕೆ ಹೋಗಿ ಅಂತ ಕೈತೊಳೆದುಕೊಂಡರೆ ಅದು ನ್ಯಾಯ ಅಲ್ಲ. ನೀವು ಅಲ್ಲಿ ಇರದಿರಲು ಕೊಟ್ಟ ಕಾರಣ ಮೂರೂ ನಿಜವಾದವು. 2009ರ ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಕಟ್ಟಿಕೊಟ್ಟ ಆಸರೆ ಯೋಜನೆಯ ಎಷ್ಟೋ ಮನೆಗಳು ಖಾಲಿ ಬಿದ್ದು ಹಾಳಾಗಿವೆ. ಜನ ಹಟಮಾರಿಗಳು ಅಂತ ಅದಕ್ಕೆ ಬೈಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಒಕ್ಕಲುತನದ ಮನೆಗೆ ದನ ಬೇಕು, ಮೇವಿನ ಬಣವೆ ಬೇಕು, ಅಂಗಳ ಬೇಕು. ಅಣ್ಣ ತಮ್ಮಂದಿರು ಬೇರೆಯಾದರೆ ಇನ್ನೊಂದು ಕೋಣೆ ಬೇಕು. ಪೇಟೆಯ ಲೆಕ್ಕದಲ್ಲಿ ಎರಡು ಕೋಣೆ ಕಟ್ಟಿ ಕೊಟ್ಟರೆ ಅದು ರೈತನ ಮನೆಯಾಗುವುದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ತಮ್ಮನವರು ಆರ್‌ಸಿಸಿಗೆ ಇಟ್ಟುಕೊಂಡ ದುಡ್ಡನ್ನು ನವಗ್ರಾಮದ ಮನೆಯನ್ನು ದೊಡ್ಡದು ಮಾಡಲು ಹಾಕಲಿ. ಅದಕ್ಕೂ ಮೊದಲು ಆ ಮನೆಯ ಹಕ್ಕುಪತ್ರ ಯಾರ ಹೆಸರಿನಲ್ಲಿದೆ, ಗ್ರಾಮ ಪಂಚಾಯ್ತಿಯಲ್ಲಿ ಇ-ಸ್ವತ್ತು (ಕಂಪ್ಯೂಟರಿನ ಆಸ್ತಿ ದಾಖಲೆ) ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ಒಂದು ಇಟ್ಟಿಗೆ ಇಡುವ ಮೊದಲು ಅದನ್ನು ಮಾಡಿಸಿ. ಕಟ್ಟಡದ ಗಟ್ಟಿತನವನ್ನೂ ನೋಡಿ, ಖಾಲಿ ಬಿದ್ದ ಗೋಡೆಯ ಮೇಲೆ ಮೇಲ್ಮನೆ ಎಬ್ಬಿಸಬೇಡಿ. ಪಕ್ಕದಲ್ಲಿ ಜಾಗವಿದ್ದರೆ ಬೇರೆ ಪಾಯ ಹಾಕಿ ಕೋಣೆ ಕೂಡಿಸಿ. ದನದ ಕೊಟ್ಟಿಗೆಯನ್ನು ಹೊಲದಲ್ಲೇ ಇಡಿ, ಆದರೆ ಹೊಲದ ಎತ್ತರದ ಮಗ್ಗುಲಲ್ಲಿ, ಮಣ್ಣು ಏರಿಸಿ ದಿಬ್ಬ ಮಾಡಿ. ಹಳೇ ಊರಿನ ಜಾಗವನ್ನು ಮಾರಬೇಕಿಲ್ಲ. ಕಣಕ್ಕೆ, ಬಣವೆಗೆ, ಸಾಮಾನು ಇಡಲು ಬಳಸಿ. ಹಗಲು ಅಲ್ಲಿ ಕೆಲಸ ಮಾಡಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ರಾತ್ರಿ ಮಾತ್ರ ಯಾರೂ ಅಲ್ಲಿ ಮಲಗಬೇಡಿ, ಮುಖ್ಯವಾಗಿ ಮಕ್ಕಳು ಮತ್ತು ವಯಸ್ಸಾದವರು.

ಮುನ್ಸೂಚನೆಯ ವಿಷಯಕ್ಕೂ ಅದೇ ಎರಡು ನೀರಿನ ಲೆಕ್ಕ ಹಿಡಿಯಿರಿ. ಘಟ್ಟದ ನೀರಿಗೆ ನವಿಲುತೀರ್ಥದ ದಿನದ ಮಟ್ಟ, ಒಳಹರಿವು, ಹೊರಹರಿವು ಪೇಪರಿನಲ್ಲಿ, ವಾಟ್ಸಾಪಿನಲ್ಲಿ ಬರುತ್ತದೆ. ಅದನ್ನು ಓದಿ ಬಿಡಬೇಡಿ. ಒಂದು ನೋಟ್‌ಬುಕ್‌ನಲ್ಲಿ ಇಂಥ ದಿನ ಇಷ್ಟು ಕ್ಯೂಸೆಕ್ ಬಿಟ್ಟರು, ನಮ್ಮ ಊರ ಹೊಳೆ ಮೆಟ್ಟಿಲಲ್ಲಿ ಇಷ್ಟು ಗಂಟೆಗೆ ನೀರು ಇಲ್ಲಿಗೆ ಬಂತು ಅಂತ ಬರೆದಿಡಿ. ಎರಡು ಮೂರು ಮಳೆಗಾಲ ಕಳೆದರೆ ನಿಮ್ಮ ಊರಿಗೇ ಅಂತ ಒಂದು ಕೋಷ್ಟಕ ಸಿಗುತ್ತದೆ. ಅಷ್ಟು ನಿಖರವಾದದ್ದನ್ನು ಯಾವ ಇಲಾಖೆಯೂ ನಿಮಗೆ ಕೊಡಲಾರದು. ಹಳೇ ವರ್ಷಗಳ ಮಟ್ಟ ಬೇಕಿದ್ದರೆ, ನಿಮ್ಮಿಂದ ಕೆಳಗೆ ಬಾದಾಮಿ ತಾಲ್ಲೂಕಿನ ಚೊಳಚಗುಡ್ಡದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇದೆ.

ಬೆಣ್ಣೆಹಳ್ಳಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅಣೆಕಟ್ಟಿನ ಹೊರಹರಿವು ಸೊನ್ನೆ ಇರುವಾಗಲೂ ಹಳ್ಳ ಉಕ್ಕಬಹುದು. ಅಲ್ಲಿ ನೋಡಬೇಕಾದದ್ದು ಮೇಲಿನ ಮಳೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ. ಕುಂದಗೋಳ, ನವಲಗುಂದ, ನರಗುಂದ ಕಡೆ ರಾತ್ರಿಯಿಡೀ ಮಳೆ ಬಿದ್ದಿದ್ದರೆ, ಅದೂ ಅದಕ್ಕೆ ಮೊದಲೇ ನೆಲ ನೆನೆದಿದ್ದರೆ, ಕಾಯಬೇಡಿ. ಅದಕ್ಕಿಂತ ಬೇಗ ಸುದ್ದಿ ಕೊಡುವವರು ಹಳ್ಳದ ಮೇಲ್ಭಾಗದ ಊರಿನವರು. ಬೀಗರು, ಸಂತೆಯ ಪರಿಚಯದವರು ಆ ಕಡೆ ಇದ್ದೇ ಇರುತ್ತಾರೆ. ಅವರಲ್ಲಿ ನಾಲ್ಕೈದು ಮಂದಿಯ ನಂಬರನ್ನು ನಿಮ್ಮ ಪಂಚಾಯ್ತಿ ಸದಸ್ಯರು, ಶಾಲೆಯ ಗುರುಗಳು, ಟ್ರ್ಯಾಕ್ಟರ್ ಇರುವವರು ಇಟ್ಟುಕೊಳ್ಳಲಿ. ಸೇತುವೆಗೆ ನೀರು ತಾಗಿದ ಕೂಡಲೇ, ರಾತ್ರಿ ಎಷ್ಟು ಹೊತ್ತಾದರೂ ಸರಿ, ಫೋನ್ ಮಾಡಬೇಕು ಅಂತ ಮೇ ತಿಂಗಳಲ್ಲೇ ಮಾತಾಡಿಕೊಂಡಿರಿ. ಯಾರ ಟ್ರ್ಯಾಕ್ಟರ್ ಯಾವ ಓಣಿಗೆ, ದನಗಳನ್ನು ಯಾರು ಬಿಚ್ಚಬೇಕು ಅನ್ನೋದೂ ಆಗಲೇ ನಿಕ್ಕಿಯಾಗಿರಲಿ.